ಬೆಳ್ಳಿಗೆ ರಜಾ

ತಾರಸಿಯ ಬೀಗದಕೈ ನನ್ನ ಹತ್ತಿರ ಇರೋದರಿಂದ
ಈ ಹದಿನೈದು ದಿನ ತಬಸ್ಸುಮ್‌ಗೆ ನಾನು ಆಂಟಿ.
ಮಿಕ್ಕ ದಿನ ಮೇಲ್ಮನೆಯ ಕಾಜಾ ಗುಂಡಿಯವಳು.

ಎಂಟನೇ ಕ್ಲಾಸು. ಮೇಡಂ ಹೇಳಿದ್ದಾರಂತೆ:
ರಾತ್ರಿ ಹೊಳೆಯುವ ಐದನ್ನು ಗುರುತಿಸಿ,
ಹೆಸರು, ದಿಕ್ಕು, ಎತ್ತರ, ಬಣ್ಣ ಬರೆಯಿರಿ.
ಮನೆಗಿರುವ ಒಂದೇ ಫೋನು
ಅವಳಪ್ಪನ ಜೊತೆ ಆಟೋದಲ್ಲಿ ಓಡಾಡುತ್ತಿದೆ.
ಹಾಗಾಗಿ ಆಕಾಶಕ್ಕೆ ನಾವಿಬ್ಬರೇ.
ಗೆರೆ ಹಾಕಿದ ಅವಳ ಪುಸ್ತಕ,
ಚಾಳೀಸು ಬಂದ ನನ್ನ ಕಣ್ಣು.
ಹತ್ತಿರದ್ದು ಮಸುಕು; ದೂರದ್ದು ಇನ್ನೂ ಪರವಾಗಿಲ್ಲ.

ಶ್ರೀರಾಂಪುರದ ರಾತ್ರಿ ಪೂರ್ತಿ ಕಪ್ಪಾಗುವುದಿಲ್ಲ,
ಹಳೇ ಕಾಲರಿನ ಒಳಪಟ್ಟಿಯ ಬಣ್ಣ.
ಅದರಲ್ಲೂ ಉಳಿದುಕೊಂಡವು ಕೆಲವು.

ಮಿನುಗಿದರೆ ನಕ್ಷತ್ರ, ಆಂಟಿ. ಮಿನುಗದಿದ್ದರೆ ಗ್ರಹ.
ಕಣ್ಣು ಹೊಡೆಯುತ್ತಾ ನಡೆದರೆ ವಿಮಾನ,
ಸುಮ್ಮನೆ ನಡೆದರೆ ಉಪಗ್ರಹ.
ಬಾಯಿಪಾಠ ಮಾಡಿದ್ದಾಳೆ, ಮಗ್ಗಿಯ ಹಾಗೆ.

ಮೊದಲನೆಯದು ಸಿಕ್ಕಿದ್ದು ನನಗೆ.
ಓರೆಯಾಗಿ ಮೂರು ಗುಂಡಿ,
ಅಂತರ ಕೂದಲೆಳೆ ತಪ್ಪಿಲ್ಲ,
ಕೈ ಪಳಗಿದ ಯಾರದೋ ಕೆಲಸ.
ಮಹಾವ್ಯಾಧನ ಸೊಂಟಪಟ್ಟಿ, ಅಂದಳು.
ಸೊಂಟಕ್ಕೆ ಯಾರೇ ಮೂರು ಗುಂಡಿ ಇಡ್ತಾರೆ, ಅಂದೆ,
ಅದು ಎದೆಪಟ್ಟಿ. ಮೂವತ್ತು ವರ್ಷದಿಂದ ಹೊಲೀತಿದ್ದೀನಿ.
ಪುಸ್ತಕದಲ್ಲಿ ಸೊಂಟ ಅಂತಲೇ ಬರೆದಳು.

ಮೂರರ ಗೆರೆ ಕೆಳಕ್ಕೆಳೆದರೆ ಲುಬ್ಧಕ,
ಚಳಿಗೆ ಹಲ್ಲು ಕಟಕಟಿಸುವ ಹಾಗೆ ನೀಲಿ ಮಿನುಗು.
ಮೇಲಕ್ಕೆಳೆದರೆ ರೋಹಿಣಿ, ಕುಂಕುಮ ತೊಳೆದ ನೀರು.
ಪೂರ್ವಕ್ಕೆ ಗುರು, ಅಲುಗದೆ, ಸಾಲ ತೀರಿಸಿದವನ ಮುಖ.
ಅವಳು ಕೈ ಚಾಚಿ ಮುಷ್ಟಿ ಲೆಕ್ಕ ಹಾಕುತ್ತಾಳೆ,
ಮುಷ್ಟಿಗೆ ಹತ್ತು ಡಿಗ್ರಿ.
ನನಗೆ ಗೇಣೇ ಸರಿ.

ಉತ್ತರಕ್ಕೆ ಒಂದು ಬಂದು
ಹತ್ತು ಉಸಿರು ನಿಂತಲ್ಲೇ ನಿಂತು, ಗ್ರಹ ಅನ್ನಿಸಿಕೊಂಡು,
ಆಮೇಲೆ ಮಗ್ಗುಲಾಗಿ ದೇವನಹಳ್ಳಿಗೆ ಇಳಿಯಿತು.
ಪುಟದ ಮೇಲೆ ರಬ್ಬರಿನ ಕಲೆ.

ಐದನೆಯದಕ್ಕೆ ಜಗಳ.
ದಕ್ಷಿಣಕ್ಕೆ, ಬಿನ್ನಿಮಿಲ್ ಕಡೆ, ಎರಡು ಬೆಳಕು.
ಅಗಸ್ತ್ಯ ಕೆಳಗೇ ಇರ್ತಾನೆ, ಮೇಡಂ ಹೇಳಿದ್ದಾರೆ,
ಕೆಳಗಿನದೇ, ಅಂದಳು.
ಕೆಳಗಿನದು ಮನೆಗಳ ತಲೆಯಿಂದ ಅರ್ಧ ಮುಷ್ಟಿ ಮೇಲೆ,
ತೀರಾ ಬೆಳ್ಳಗೆ, ತೀರಾ ಸುಮ್ಮನೆ.

ಒಂದು ಗಂಟೆ ಬಿಟ್ಟು ನೋಡು ಅಂದೆ.
ಅಮ್ಮನ ಮಾತು ಅದು:
ಆಕಾಶದ್ದಾದರೆ ಹೊರಟಿರುತ್ತೆ, ನಮ್ಮದಾದರೆ ಅಲ್ಲೇ ಇರುತ್ತೆ.

ಅಮ್ಮ, ಮುನಿತಾಯಮ್ಮ, ಹೆಸರು ಬಲ್ಲದ್ದು ಒಂದಕ್ಕೇ.
ಬೆಳ್ಳಿ ಮೂಡಿದರೆ ಎದ್ದು ಒಲೆ ಹಚ್ಚೋಳು,
ಮಿಲ್ಲಿನ ರಾತ್ರಿಪಾಳಿ ಮುಗಿಸಿ ಅಪ್ಪ ಬರುವ ಹೊತ್ತಿಗೆ
ನೀರು ಕಾದಿರಬೇಕು.
ಕೆಲವು ತಿಂಗಳು ಬೆಳ್ಳಿ ಮೂಡುತ್ತಲೇ ಇರಲಿಲ್ಲ.
ರಜಾ ಹಾಕಿದೆ, ಅನ್ನೋಳು,
ನಿಮ್ಮಪ್ಪನಿಗಿಲ್ಲದ ರಜಾ.

ಗಂಟೆ ಬಿಟ್ಟು, ಎರಡು ಡಜನ್ ಕಾಲರು ಮುಗಿಸಿ
ಮತ್ತೆ ಹತ್ತಿದೆವು.
ಮೇಲಿನದು ಒಂದು ಮುಷ್ಟಿ ಪಶ್ಚಿಮಕ್ಕೆ ಸರಿದಿತ್ತು.
ಕೆಳಗಿನದು ಅಲ್ಲೇ.
ಕಣ್ಣು ಕಿರಿದು ಮಾಡಿದರೆ ಅದರ ಕೆಳಗೆ
ಏಣಿಯಂಥ ಕಬ್ಬಿಣ, ಒಂದು ಉದ್ದನೆ ತೋಳು.
ಥೂ, ಕ್ರೇನು! ಅಂದಳು ತಬಸ್ಸುಮ್.
ಮೇಲಿನದಕ್ಕೆ ಅಗಸ್ತ್ಯ ಅಂತ ಬರೆದು
ಪುಸ್ತಕ ಮುಚ್ಚಿದಳು.

ಆಗ ಆ ದೊಡ್ಡ ಬೆಳಕಿನಿಂದ
ಚುಕ್ಕಿಯಂಥದ್ದೊಂದು ಕಳಚಿಕೊಂಡಿತು.
ನೇರ ಕೆಳಕ್ಕೆ.
ಸ್ವಲ್ಪ ಇಳಿಯುತ್ತೆ, ನಿಲ್ಲುತ್ತೆ,
ಮತ್ತೆ ಸ್ವಲ್ಪ ಇಳಿಯುತ್ತೆ.

ಆಂಟಿ, ನಡೀತಿದೆ, ಮಿನುಗ್ತಾನೂ ಇದೆ,
ಇದು ಯಾವ ಲೆಕ್ಕಕ್ಕೆ?

ಸುಮ್ನಿರೆ, ಎಣಿಕೆ ತಪ್ಪಿಸಬೇಡ, ಅಂದೆ,
ಅಲ್ಲಿ ಮೆಟ್ಟಿಲಿಗೆ ಕಾಲಿಡುತ್ತಿದ್ದವನಿಗೆ
ನನ್ನ ಮಾತು ಕೇಳಿಸುತ್ತೇನೋ ಅನ್ನುವ ಹಾಗೆ.
ಮನೆಗಳ ಹಿಂದೆ ಅದು ಮುಳುಗುವವರೆಗೂ
ಇಬ್ಬರೂ ಕೂರಲಿಲ್ಲ.

ಪಾಳಿ ಬಿಟ್ಟಿತು ಕಣೆ, ಅಂದೆ.
ಈಗ ಎಲ್ಲೋ ನೀರು ಕಾಯುತ್ತಿರುತ್ತೆ.