ಗೋಡೆಯಲ್ಲೊಂದು ಗೇಣು

ಕಾಳು ಗಿರಣಿಗೆ ಹೋಯಿತಲ್ಲ, ಉಳಿದದ್ದು ನನಗೆ ಕೊಡು
ಅಂದೆ, ಪ್ರಿಚರ್ಡ್ ಮುದುಕನಿಗೆ.
ನಕ್ಕ. ಟ್ರೆವೆಲಿನ್ನಿನಲ್ಲಿ ಅವನ ಮುತ್ತಜ್ಜ ನೇಗಿಲು ಊರಿದಾಗಿನಿಂದ
ಹುಲ್ಲೆಂದರೆ ದನದ ಕಾಲಡಿಗೆ, ಅಷ್ಟೆ.
ನೂರಾ ಎಂಬತ್ತು ಪಿಂಡಿ.
ಒಂದೊಂದರ ದಾರಕ್ಕೂ ಬೆರಳು ತೂರಿಸಿ, ಎತ್ತಿ, ಬಿಗಿ ನೋಡಿ ಆರಿಸಿದೆ,
ಕಲ್ಲಂಗಡಿ ತಟ್ಟಿ ನೋಡುವವಳ ಹಾಗೆ.
'ಗಾಳಿ ಬಂದರೆ?' ಅಂದ.
ಬಂದೇ ಬರುತ್ತೆ, ಅಂದೆ. ಪೆಟಗೋನಿಯಾದಲ್ಲಿ
ಗಾಳಿಯನ್ನು ಯಾರೂ ಕೇಳಿ ಕರೆಯುವುದಿಲ್ಲ.

ಮೊದಲು ಕಲ್ಲು, ಆಮೇಲೆ ಸೈಪ್ರೆಸ್ ಕಂಬ,
ಗೋಡೆಗಿಂತ ಮುಂಚೆ ಚಾವಣಿ.
ಈ ಬಗೆಯ ಮನೆ ತಲೆಯಿಂದ ಹುಟ್ಟುತ್ತದೆ, ಮಗುವಿನ ಹಾಗೆ.

ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದ ಕೈ ನನ್ನದು,
ಗೇರು ಬಿಟ್ಟರೆ ಬೇರೇನೂ ಹಿಡಿದು ಗೊತ್ತಿಲ್ಲ.
ರೊಸೌರಾ ಕಾಯುಪಾನ್ ಬಂದಳು, ಮೂವರು ನಾದಿನಿಯರನ್ನು ಕಟ್ಟಿಕೊಂಡು,
ಒಂದು ಕುರಿಮರಿ ಬೆಂಕಿಯ ಮುಂದೆ ದಿನವಿಡೀ ಬೆಂದಿತು.
ಮೊಳದುದ್ದ ದಬ್ಬಣ. ನಾನು ಹೊರಗೆ, ಅವಳು ಒಳಗೆ,
ನಡುವೆ ಒಂದೂವರೆ ಅಡಿ ಹುಲ್ಲು.
'ಬಂತಾ?'
'ಇಲ್ಲ.'
'ಈಗ?'
'ಬಂತು, ಬಂತು, ಕಿವಿ ಚುಚ್ಚುತ್ತೀಯ!'
ಮುಖ ಕಾಣದೆ ಇಷ್ಟು ಹೊತ್ತು
ಯಾರ ಜೊತೆಗೂ ನಾನು ಮಾತಾಡಿರಲಿಲ್ಲ,
ಸತ್ತ ಗಂಡನ ಜೊತೆ ಬಿಟ್ಟರೆ.

ಫೆಬ್ರವರಿ ಕೊನೆಯ ಒಂದು ರಾತ್ರಿ ಪಡುವಣದ ಮಳೆ ಅಡ್ಡಡ್ಡ ಬಿತ್ತು.
ಟಾರ್ಪಾಲಿನ ಒಂದು ಮೂಲೆ ನಾನು ಕಟ್ಟಿರಲಿಲ್ಲ.
ಸಾಕಾಗಿತ್ತು, ಅಷ್ಟೇ. ಬೇರೆ ಕಾರಣವಿಲ್ಲ.
ಬೆಳಿಗ್ಗೆ ನಾಲ್ಕನೆಯ ವರಸೆಯ ಒಂದು ಪಿಂಡಿ ಅಂಗೈಗೆ ತಂಪು ತಾಗಿತು.
ಒಣಗುತ್ತೆ, ಅಂದೆ.
ನನಗೇ ಅಂದೆ. ಯಾರೂ ಕೇಳಿರಲಿಲ್ಲ.

ಮಣ್ಣು ತುಳಿದೆವು, ಕುದುರೆಯ ಲದ್ದಿ, ಕತ್ತರಿಸಿದ ಹುಲ್ಲು ಬೆರೆಸಿ,
ಹಿಮ್ಮಡಿ ಒಡೆದು ಉರಿಯುವ ತನಕ.
ಮೊದಲ ಮೆತ್ತು, ಎರಡನೆಯ ಮೆತ್ತು.
ಗೋಡೆ ಬೆರಳಗುರುತು ತುಂಬಿಕೊಂಡು ನಿಂತಿತು,
ಎಲ್ಲರೂ ಚೆಂದ ಅಂದರು.
ಏಪ್ರಿಲ್ ಪೂರ್ತಿ ನಾನು ಪಡುವಣ ಗೋಡೆಗೆ ಬೆನ್ನು ಹಾಕಿ ಮಲಗಿದೆ.

ಕೊನೆಗೆ ಎಸ್ಕೆಲಿನಿಂದ ತೇವ ಅಳೆಯುವ ಕಡ್ಡಿ ಎರವಲು ತಂದೆ.
ಹದಿನಾಲ್ಕು. ಹದಿಮೂರು. ಹದಿನಾಲ್ಕು.
ಮೂವತ್ತೊಂದು.

ಉಳಿ ಹಿಡಿದು ನಾನೇ ಒಡೆದೆ.
ಒಳಗೆ ಕಪ್ಪು, ಬೆಚ್ಚಗೆ,
ಸೀಟಿನಡಿ ರಜೆಯಿಡೀ ಮರೆತ ಬುತ್ತಿಯ ವಾಸನೆ.
ಹಿಡಿಹಿಡಿಯಾಗಿ ಬಗೆದು ಹೊರಗೆ ಹಾಕಿದೆ,
ಹುಲ್ಲುಕಡ್ಡಿಗೆ ಸಮಾನ ಅನ್ನುತ್ತಾರಲ್ಲ ಜನ,
ಅವರು ಕೊಳೆತ ಹುಲ್ಲನ್ನು ಹೊತ್ತವರಲ್ಲ.
ರೊಸೌರಾ ಬಾಗಿಲಲ್ಲಿ ನಿಂತು ನೋಡಿದಳು.
ಏನೂ ಕೇಳಲಿಲ್ಲ. ಮಾತೆ ಬುರುಡೆಗೆ ಬಿಸಿನೀರು ಹುಯ್ದು ಕೊಟ್ಟಳು,
ಕುಡಿದೆ, ಹಿಂದೆ ಕೊಟ್ಟೆ, ತೋಳು ಮಡಚಿಕೊಂಡು ಅವಳೂ ಬಗೆದಳು.

ಹೊಸ ಪಿಂಡಿ ತುರುಕಿ ಮತ್ತೆ ಮೆತ್ತಿದೆವು.
ಒಂದು ಗೇಣು ಮಾತ್ರ ಬಿಟ್ಟೆ,
ಅದಕ್ಕೆ ಸೈಪ್ರೆಸ್ ಚೌಕಟ್ಟು,
ಗುಜರಿಗೆ ಹೋದ ನನ್ನ ಬಸ್ಸಿನ ಗಾಜಿನದೊಂದು ತುಂಡು.
ಬಂದವರು ಕೈಕಟ್ಟಿ ನಿಂತು ನೋಡುತ್ತಾರೆ:
ಹುಲ್ಲಿನ ಮನೆಗಳಲ್ಲಿ ಹೀಗೊಂದು ಇಡುವುದು ವಾಡಿಕೆಯಂತೆ,
ಒಳಗಿರುವುದು ಹುಲ್ಲೇ ಎಂದು ತೋರಿಸುವುದಕ್ಕೆ.
ಹೌದಂತೆ, ಅನ್ನುತ್ತೇನೆ.

ಜೂನಿನಲ್ಲಿ ಹಿಮ ಬಿತ್ತು. ಒಂದೇ ಒಲೆ, ಎರಡೇ ಕೊರಡು.
ಹೊರಗೆ ಪಾಪ್ಲರ್ ಮರಗಳು ನೆಲಕ್ಕೆ ತಲೆ ಬಡಿದುಕೊಳ್ಳುವಾಗ
ಒಳಗೆ ಕೆಟಲಿನ ಸದ್ದು ಕೇಳುತ್ತದೆ.
ಬಡಗಣ ಗೋಡೆಗೆ ಸುಣ್ಣ ಇನ್ನೂ ಬಾಕಿ,
ಬಕೆಟ್ಟಿನಲ್ಲಿ ನೀರಿನಡಿ ಅದು ಕಾಯುತ್ತಿದೆ.
'ಮುಗಿಯಿತಾ?' ಅನ್ನುವವರಿಗೆ ಅದನ್ನು ತೋರಿಸುತ್ತೇನೆ.

ಪ್ರಿಚರ್ಡ್ ಬಂದ, ಬೂಟು ಕೊಡವಿದ,
ಗಾಜಿಗೆ ಮೂಗು ಒತ್ತಿದ. ಬಹಳ ಹೊತ್ತು.
'ನನ್ನ ಹೊಲದ್ದೇ,' ಅಂದ.
ಆಮೇಲೆ ಉಗುರಿನಿಂದ ಗಾಜು ತಟ್ಟಿ,
'ನೋಡಿಲ್ಲಿ, ಒಂದು ತೆನೆ. ಎರಡು ಕಾಳು ಉಳಿದುಬಿಟ್ಟಿವೆ.
ನನ್ನ ಯಂತ್ರ ಹಾಗೆಲ್ಲ ಬಿಡುವುದಿಲ್ಲ.'

ಬಿಟ್ಟಿದೆ, ಅಂದೆ.
ಕೂತುಕೋ, ರೊಟ್ಟಿ ತರುತ್ತೇನೆ.