ಖಾಲಿ ಪುಟ ಬಿಡಬೇಕೆ?

ಸಂಘದ ಕಚೇರಿಗೆ ಸ್ಕ್ಯಾನರ್ ಬಂದದ್ದು ಗೋಣಿಚೀಲದಲ್ಲಿ,
ಶಿವಮೊಗ್ಗದ ಗುಜರಿಯಿಂದ. ಮುಚ್ಚಳದ ಒಂದು ಕೀಲು ಸಡಿಲ.
ಕಂಪ್ಯೂಟರಿಗೆ ಆಗಲೇ ಲಿನಕ್ಸ್ ಹಾಕಿಸಿತ್ತು.
ಬಿಟ್ಟಿ ಸಿಕ್ಕಿದ್ದು, ಎಂದರು ಖಜಾಂಚಿ ಹಾಲಪ್ಪ.
ಬಿಟ್ಟಿಯಲ್ಲ, ಬಿಡುಗಡೆಯದ್ದು, ಎಂದಳು ಸೆಲ್ವಿ,
ಪಾಲಿಟೆಕ್ನಿಕ್ಕಿನ ಲ್ಯಾಬ್ ಮುಗಿಸಿ ಬಂದ
ಪಳನಿಯ ಮೊಮ್ಮಗಳು.

ಕಪ್ಪು ಪರದೆ, ಬಿಳಿ ಅಕ್ಷರ.
ಯುಎಸ್‌ಬಿಗೆ ಯಾರ್‍ಯಾರು ಬಂದಿದ್ದಾರೆಂದು ಹಾಜರಿ ಕೇಳಿದಳು.
ಇದೆ, ಅಂತು: ಮೌಸಿನ ಕೆಳಗಿನ ಸಾಲಿನಲ್ಲಿ, ಕಂಪನಿ ಹೆಸರು ಸಮೇತ.
ಸ್ಕ್ಯಾನರ್ ಎಲ್ಲಿ ತೋರಿಸು, ಎಂದಳು.
ಯಾವುದೂ ಕಾಣಲಿಲ್ಲ, ಅಂತು.

ಇದೆ. ಇಲ್ಲ.
ಮೂವತ್ತೊಂದು ವರ್ಷ ಕಾಗದದ ಗಿರಣಿಯಲ್ಲಿ
ಕ್ಯಾಲೆಂಡರ್ ರೋಲಿನ ಕಾವಿಗೆ ನಿಂತವನು ನಾನು.
ಪಿಎಫ್ ಕಚೇರಿಯ ಒಂದೇ ಕಿಂಡಿಯಲ್ಲಿ
ಒಂದೇ ಬೆಳಿಗ್ಗೆ ಈ ಎರಡೂ ಉತ್ತರ ಪಡೆದಿದ್ದೇನೆ.

ಮುಂದೆ 'ಸುಡೊ' ಸೇರಿಸಿ ಮತ್ತೆ ಕೇಳಿದಳು.
ತಕ್ಷಣ ಕಂಡಿತು.
'ದೊಡ್ಡ ಸಾಹೇಬರ ಹೆಸರಲ್ಲಿ ಕೇಳಿದ್ರೆ ಕಾಣುತ್ತೆ ತಾತ,
ನಿಮ್ಮ ಹೆಸರಲ್ಲಿ ಕೇಳಿದ್ರೆ ಕಾಣಲ್ಲ.'
ಹಾಲಪ್ಪ ನಗಲು ಹೋಗಿ ಕೆಮ್ಮಿದರು:
'ಹಾಗಾದ್ರೆ ಸಾಹೇಬರಾಗೇ ಇದ್ದುಬಿಡೋಣ.'
'ಬೇಡ. ಸಾಹೇಬರ ಕೈ ತಪ್ಪಿದ್ರೆ ಎಲ್ಲಾ ಅಳಿಸಿಹೋಗುತ್ತೆ.
ನೀವು ಗುಂಪಿನಲ್ಲಿಲ್ಲ, ಅಷ್ಟೇ.'

ಗುಂಪಿನಲ್ಲಿಲ್ಲವಂತೆ!
ಗೋಡೆಯ ಫೋಟೋದಲ್ಲಿ ಮೂರನೆಯ ಸಾಲಿನ
ಆ ಮೀಸೆ ಮತ್ಯಾರದು?
ಎಂಟಾಣೆ ಚಂದಾದ ರಸೀದಿ ಇನ್ನೂ ಟ್ರಂಕಿನಲ್ಲಿದೆ.
ಅವಳು ಒಂದೇ ಸಾಲು ಬರೆದಳು. ಸ್ಕ್ಯಾನರ್ ಎಂಬ ಗುಂಪಿಗೆ
ನನ್ನ ಹೆಸರು ಸೇರಿತು. ಸೂಚಕರಿಲ್ಲ, ಅನುಮೋದಕರಿಲ್ಲ.
'ಈಗ ಒಂದ್ಸಲ ಹೊರಗೆ ಹೋಗಿ ಒಳಗೆ ಬರಬೇಕು.'
ಎದ್ದು ಚಪ್ಪಲಿ ಮೆಟ್ಟಿದೆ.
'ತಾತಾ, ನೀವಲ್ಲ, ಲಾಗಿನ್ನು!'

ಹೇಗೂ ಎದ್ದಾಗಿತ್ತು. ಬಾಗಿಲಾಚೆ ಸ್ವಲ್ಪ ಹೊತ್ತು ನಿಂತೆ.
ಭದ್ರಾವತಿಯ ಈ ತುದಿಯಲ್ಲಿ ಗಾಳಿ ಈಗ ಬರೀ ಗಾಳಿ.
ಕೊಳೆತ ಕೋಸಿನಂಥ ಆ ವಾಸನೆ ಇಲ್ಲ:
ನೆಂಟರು ಮೂಗು ಮುಚ್ಚುತ್ತಿದ್ದದ್ದು,
ನಾವು ಸಂಬಳ ಅನ್ನುತ್ತಿದ್ದದ್ದು.

ಒಳಗೆ ಬಂದರೆ ಗಾಜಿನಡಿ ಬೆಳಕಿನ ಕೋಲು ತೆವಳುತ್ತಿದೆ,
ರಾತ್ರಿಪಾಳಿಯ ವಾಚ್‌ಮನ್ನಿನ ಟಾರ್ಚಿನ ಹಾಗೆ.

ಹಾಜರಿ ಪುಸ್ತಕವೂ ನಮ್ಮ ಗಿರಣಿಯ ಕಾಗದವೇ.
ಕಣ್ಣು ಕಟ್ಟಿ ಕೊಡಿ, ಬೆರಳಾಡಿಸಿ ಹೇಳುತ್ತೇನೆ
ತಂತಿಯ ಮಗ್ಗುಲು ಯಾವುದು, ಕಂಬಳಿಯ ಮಗ್ಗುಲು ಯಾವುದು.
ಪೊರೆಗಣ್ಣಿನ ಹಾಲಪ್ಪ ಹಾಳೆ ಮಗುಚಿದರು,
ಗುಂಪಿನವನಾದ ನಾನು ಎಂಟರ್ ಒತ್ತಿದೆ.
ಸಹಿಗಳು ಬಂದವು. ಹೆಬ್ಬೆಟ್ಟುಗಳು ಬಂದವು.
ಬಿದಿರು ಚೂರು ಮಾಡುವ ಕಡೆಯಿದ್ದ
ದೇವೀರಮ್ಮನ ತಲೆಕೆಳಗಾದ 'ದೇ' ಬಂತು.

ಮೂರು ಸಂಜೆ. ನೂರ ನಲವತ್ತು ಪುಟ ಇಟ್ಟೆವು.
ಪರದೆಯ ಎಣಿಕೆ ನೂರ ಒಂಬತ್ತು.
'ಖಾಲಿ ಪುಟ ಬಿಟ್ಟುಬಿಡು ಅಂತ ಗುರುತು ಹಾಕಿದ್ದೆ,
ಜಾಗ ಉಳಿಯುತ್ತೆ ತಾತ.'

ಯಾವ ಖಾಲಿ ಎಂದು ಪುಸ್ತಕ ತಿರುವಿದೆ.
ಜುಲೈ ಐದು ಆದ ಮೇಲೆ,
ಆಗಸ್ಟ್ ಆರು ಶುರುವಾಗುವ ಮೊದಲು,
ನಾವೆಲ್ಲ ಗೇಟಿನ ಹೊರಗೆ ಕೂತ ತಿಂಗಳು.
ತಾರೀಖು ಬರೆಯಲೂ ಜನ ಇರಲಿಲ್ಲ,
ಟೈಂಕೀಪರ್ ಸ್ಯಾಮ್ಯುಯಲ್ ಕೂಡ
ನಮ್ಮ ಪಕ್ಕದಲ್ಲೇ ಪೊಟ್ಟಣದ ಅವಲಕ್ಕಿ ತಿನ್ನುತ್ತಿದ್ದ.
ಮರಳಿ ಬಂದ ದಿನ ಮೂವತ್ತೊಂದು ಪುಟ ಎಣಿಸಿ,
ಉಗುಳು ಹಚ್ಚಿದ ಬೆರಳಲ್ಲಿ ಎರಡೆರಡು ಸಲ ಎಣಿಸಿ,
ಬಿಟ್ಟವನು ಅವನೇ.
ಕಾಗದ ಹಾಳು ಮಾಡಿದ್ದಕ್ಕೆ ಮೆಮೊ ಬಂತು.

ಸೆಲ್ವಿ ಏನೂ ಕೇಳಲಿಲ್ಲ. ಗುರುತು ತೆಗೆದಳು.
ಆ ಪುಟಗಳ ಮೇಲೂ ಬೆಳಕು ಅಷ್ಟೇ ನಿಧಾನ ನಡೆಯಿತು,
ಹದಿನಾಲ್ಕು ಸೆಕೆಂಡು; ನಾನು ಎಣಿಸಿದೆ.
ಹದಿನೇಳನೆಯದರಲ್ಲಿ ಒಂದು ತೆಳು ಹಳದಿ ಕಲೆ.
ಚಹಾ ಇರಬೇಕು, ಎಂದರು ಹಾಲಪ್ಪ.
ಒರೆಸಿ ಬೆಳ್ಳಗೆ ಮಾಡಲಾ ತಾತ, ಎಂದಳು.
ಬಿಡು, ಇರಲಿ, ಎಂದೆ.