ಮೂರು ಗಂಟೆ

ಗುಡ್ಡದ ಮ್ಯಾಲ ಹಬ್ಶಿಗಳ ಗೋರಿ ಅವ.
ಕೆಳಗ ನಮ್ಮ ಬ್ಯಾರಿಕೇಡ್,
ಹಳದಿ ಬಣ್ಣ, ನಡುವ ಸಿಮೆಂಟಿನ ಜಾಹೀರಾತು.
ನಾ ಹೋಮ್‌ಗಾರ್ಡ್. ಹಗಲು ಗ್ಯಾಸ್ ಸಿಲಿಂಡರ್ ಹೊರ್ತೀನಿ,
ರಾತ್ರಿ ಬ್ಯಾಟರಿ ಹಿಡೀತೀನಿ.
ಯಾರ ಮುಖದ ಮ್ಯಾಲ ಬೆಳಕು ಬಿಡಬೇಕಂಬೋದು
ಹವಾಲ್ದಾರ್ ಮಾಣಿಕರಾವ್ ಸಾಹೇಬ್ರು ಹೇಳ್ತಾರ.

ಪುಷ್ಯ ಮಾಸ. ಬೀದರದ ಥಂಡಿ ಅಂದ್ರ
ಲಾಠಿಗೂ ಶಾಲು ಹೊದಿಸಬೇಕು ಅನಿಸ್ತದ.
ಒಂದೇ ಬೈಕಿನ್ಯಾಗ ಮೂರು ಮಂದಿ ಬಂದ್ರು,
"ನಮ್ಮ ಹುಡುಗ್ರು, ಬಿಡು" ಅಂದ್ರು ಸಾಹೇಬ್ರು.
ಅವರ ಹಿಂದ ಒಂದು ಸ್ಕೂಟಿ.
ಹೆಲ್ಮೆಟ್ ಇತ್ತು, ದೀಪ ಇತ್ತು,
ಸಾವಕಾಶ ಬರ್ಲಾತಿತ್ತು.
"ಬ್ಯಾಟರಿ ಬಿಡೋ ಝರೆಪ್ಪಾ."
ಬಿಟ್ಟೆ.

ಕೇಳೂಕಿಂತ ಮೊದಲೇ ಅಂವ ಫೈಲ್ ತಗದ.
ಪಾಸ್‌ಪೋರ್ಟ್, ವೀಸಾ, ನೋಂದಣಿ ಚೀಟಿ,
ವೆಟರ್ನರಿ ಕಾಲೇಜಿನ ಕಾರ್ಡು, ಇನ್ಶೂರೆನ್ಸ್, ಹೊಗಿ ತಪಾಸಣಿ ಕಾಗದ.
ಬೀಗರ ಮುಂದ ತಾಟು ಇಟ್ಟಂಗ
ಒಂದೊಂದೇ ಇಟ್ಟ ಸೀಟಿನ ಮ್ಯಾಲ.
ಈ ವಾರ ಇದು ನಾಕನೇ ಸಲ.
"ಹೆಸರು?" "ಗಿರ್ಮಾ."
"ಮುಂದ?" "ತೆಸೆಮಾ. ಅದು ಅಪ್ಪಂದು."
"ಅಡ್ಡಹೆಸರು?" "ನಮ್ಮಲ್ಲಿ ಇರಲ್ಲ, ಸರ್."

"ಕಾಲೇಜ್ ಬಿಟ್ಟಿದ್ದು ಎಷ್ಟಕ್ಕ?"
"ಮೂರು ಗಂಟೆಗೆ."
ಸಾಹೇಬ್ರ ಕೈಯಾಗ ಒಂಬತ್ತೂವರಿ ಆಗಿತ್ತು.
"ಆರೂವರಿ ತಾಸು ಎಲ್ಲಿದ್ದಿ?"
ಅಂವ ನಾಲಿಗಿ ಕಚ್ಕೊಂಡ. ತಪ್ಪಾತು ಸರ್, ಒಂಬತ್ತು, ಒಂಬತ್ತು.
ಅವರ ದೇಶದಾಗ ಹೊತ್ತು ಹುಟ್ಟಿದ ಮ್ಯಾಲ
ಒಂದು, ಎರಡು ಅಂತ ಎಣಸ್ತಾರಂತ,
ಹೊತ್ತು ಮುಳುಗಿದ್ರ ಮತ್ತ ಮೊದಲಿಂದ.
"ಗಡಿಯಾರಕ್ಕೂ ವೀಸಾ ಬೇಕೇನಪಾ" ಅಂತ ನಕ್ಕ ಸಾಹೇಬ್ರು
ಐಸ್ ಡಬ್ಬಿ ಕಡೆ ಬಟ್ಟು ಮಾಡಿದ್ರು.
"ಖೋಲ್ನಾ ನಕ್ಕೋ ಸಾಬ್. ಕುರಿ ಲಸಿಕಿ ಅದ, ಬಿಸಿ ಆಗ್ತದ."
ತಗದ್ವಿ.
ನನ್ನ ಬ್ಯಾಟರಿ ಬೆಳಕಿನ್ಯಾಗ
ಡಬ್ಬಿ ಒಳಗಿನ ಥಂಡಿ ಹೊಗಿಯಾಗಿ ಎದ್ದು
ಹೊರಗಿನ ಥಂಡಿ ಕೂಡ ಹೋತು.
ಅಂವ ಸೀಸೆ ನೋಡ್ಲಿಲ್ಲ, ನಮ್ಮನ್ನೂ ನೋಡ್ಲಿಲ್ಲ,
ಗುಡ್ಡದ ಕಡೆ ನೋಡಿದ.
ಮ್ಯಾಲ ಮಲಗಿದವರೂ ಅವರ ಕಡೆಯವರೇ ಅಂತಾರ,
ಸುಲ್ತಾನರ ಕಾಲಕ್ಕ ಬಂದವರು.
ಅವರ ಚೀಟಿ ಈಗ ಯಾರೂ ಕೇಳಂಗಿಲ್ಲ.

ಆಗ ನಾ ಒಂದು ಮಾತು ಹೇಳಬೇಕಿತ್ತು.
ನಮ್ಮಾಯಿಗಿ ಗಡಿಯಾರ ನೋಡಲಾಕ ಬರ್ತಿರ್ಲಿಲ್ಲ.
ಒಲಿಗಿ ನೀರು ಚಿಮುಕಿಸಿ, ಕೈ ಸೆರಗಿಗಿ ಒರಸಿ,
"ಒಂದು ಜಾವ ಆತು, ಮಲಕೋ" ಅಂತಿದ್ಳು.
ಒಂದು ಜಾವಂದ್ರ ಮೂರು ತಾಸು.
ಹೊತ್ತು ಮುಳುಗಿದ ಮ್ಯಾಲ ಮೂರು.
ಆಕಿನ್ನ ನಿಲ್ಲಿಸಿ ಕೇಳಿದ್ರ ಆಕಿನೂ ಸಿಕ್ಕೊಂಬಾಕಿ.
ದಿನಗೂಲಿಯವ ನಾ. ಬ್ಯಾಟರಿ ಹಿಡ್ದೆ, ಅಷ್ಟೇ.

ಬಿಡೋ ಮುಂದ ಸಾಹೇಬ್ರು
ತಮ್ಮ ಎಮ್ಮಿ ಕೆಚ್ಚಲ ಬಾವಿಗಿ ಔಷಧ ಕೇಳಿದ್ರು.
ಅಂವ ಹೆಲ್ಮೆಟ್ ಮತ್ತ ತಗದು,
ಎಷ್ಟು ದಿನ, ಎಷ್ಟು ಸಲ, ಬಿಸಿನೀರಿನ ಬಟ್ಟಿ ಹ್ಯಾಂಗ ಒತ್ತಬೇಕು,
ಎಲ್ಲಾ ಹೇಳಿ ಹೋದ.

ಶಿವರಾತ್ರಿಗಿ ಬ್ಯಾರಿಕೇಡ್ ಪಾಪನಾಶಕ್ಕ ಒಯ್ದ್ರು.
ಡ್ಯೂಟಿ ಮುಗಿಸಿ, ವರ್ದಿ ಚೀಲಕ್ಕ ತುರುಕಿ,
ಸೈಕಲ್ ಮ್ಯಾಲ ಈ ದಾರೀಲೇ ಮನಿಗಿ ಹೊಂಟಿದ್ದೆ.
ಖಾಲಿ ರಸ್ತಾದಾಗ ಸ್ಕೂಟಿ ನಿಂತಿತ್ತು,
ಬ್ಯಾರಿಕೇಡಿನ ಕಾಲು ತಿಕ್ಕಿ
ಡಾಂಬರಿನ ಮ್ಯಾಲ ಬಿದ್ದ ಬಿಳಿ ಗೆರಿ ಹತ್ರ.
ಇಂಜಿನ್ ಬಂದ್. ಫೈಲ್ ತೊಡಿ ಮ್ಯಾಲ.
ಮರೆತು ನಿಂತಿದ್ನೋ, ಅಭ್ಯಾಸಕ್ಕ ನಿಂತಿದ್ನೋ,
ನನ್ನ ಕಂಡು ದಾರ ಬಿಚ್ಚಲಾಕ ಹೋದ.
ವರ್ದಿ ಇಲ್ಲದ ಈ ಮುಖ ಗುರ್ತಿಗಿ ಹತ್ತಲಾಕ
ಒಂದು ಗಳಿಗಿ ಬೇಕಾತು ಅವಗ.

ನಾ ಏನು ಕೇಳಬೇಕು?
"ಎಷ್ಟಾತು ಗಂಟೆ?" ಅಂದೆ.
ಅಂವ ನನ್ನ ಮುಖ ನೋಡಿದ, ಜ್ವರ ನೋಡಿದಂಗ.
"ಐದು" ಅಂದ.
ನನ್ನ ಗಡಿಯಾರದಾಗ ಹನ್ನೊಂದಿತ್ತು.
"ಬರೋಬ್ಬರಿ ಅದ" ಅಂದೆ.